ಮುರಿದ ಡಿಎನ್‌ಎ, ಹಿಸ್ಟೋನ್ ಮೇಲಿನ ಗುರುತು: ಓದುಗರ ಪ್ರಶ್ನೆಗಳಿಗೆ ಉತ್ತರ

ಡಿಎನ್‌ಎ ದುರಸ್ತಿಯಲ್ಲಿ ಯುಬಿಕ್ವಿಟಿನ್ ಎಂಬ ಪ್ರೋಟೀನಿನ ಪಾತ್ರದ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಹಿಸ್ಟೋನ್ ಎಂದರೆ ಡಿಎನ್‌ಎಯನ್ನು ಸುತ್ತಿ ಅಡಕವಾಗಿಡುವ ಪ್ರೋಟೀನು; ಎಚ್1, ಎಚ್2ಎ, ಎಚ್2ಬಿ, ಎಚ್4 ಅದರ ಬಗೆಗಳು.

ಯುಬಿಕ್ವಿಟಿನ್ ಅಂಟಿದ ಪ್ರೋಟೀನು ನಾಶವಾಗುತ್ತದೆ ಎಂದು ತರಗತಿಯಲ್ಲಿ ಕಲಿಸುತ್ತೇವೆ. ಅದೇ ಯುಬಿಕ್ವಿಟಿನ್ ಹಿಸ್ಟೋನ್‌ಗೆ ಅಂಟಿದರೆ ಡಿಎನ್‌ಎ ದುರಸ್ತಿ ನಡೆಯುತ್ತದೆ ಎಂದು ಓದಿದೆ. ಎರಡೂ ಹೇಗೆ ಸರಿ?
— ಪಿಯು ಕಾಲೇಜು ಉಪನ್ಯಾಸಕಿ, ಸಿಂಧನೂರು

ಎರಡೂ ಸರಿ. ನಾಶಕ್ಕೆ ಕಳಿಸುವುದು ಯುಬಿಕ್ವಿಟಿನ್ ಮಾಡುವ ಹಲವು ಕೆಲಸಗಳಲ್ಲಿ ಒಂದು, ಅಷ್ಟೆ. ಅದು 76 ಅಮೈನೋ ಆಮ್ಲಗಳ, ಸುಮಾರು 8.5 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನು. ಅದರ ಬಾಲದ ತುದಿಯಲ್ಲಿರುವ 76ನೇ ಗ್ಲೈಸಿನ್ ಬೇರೊಂದು ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಕೂಡಿಕೊಳ್ಳುತ್ತದೆ. ಯುಬಿಕ್ವಿಟಿನ್‌ನಲ್ಲೇ ಏಳು ಲೈಸಿನ್‌ಗಳಿವೆ (6, 11, 27, 29, 33, 48, 63). ಹಾಗಾಗಿ ಒಂದರ ಬೆನ್ನಿಗೆ ಇನ್ನೊಂದು ಸೇರಿ ಸರಪಳಿಯೂ ಬೆಳೆಯಬಹುದು. 48ನೇ ಲೈಸಿನ್ ಮೂಲಕ ಬೆಳೆದ ಸರಪಳಿಯನ್ನು ಪ್ರೋಟಿಯಾಸೋಮ್ ಹಿಡಿದು ಆ ಪ್ರೋಟೀನನ್ನು ಕತ್ತರಿಸುತ್ತದೆ. 2004ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ಈ ದಾರಿಯನ್ನು ಬಿಡಿಸಿ ತೋರಿಸಿದ ಸಿಖನೋವರ್, ಹೆರ್ಷ್‌ಕೊ ಮತ್ತು ರೋಸ್ ಅವರಿಗೆ. 63ನೇ ಲೈಸಿನ್ ಮೂಲಕ ಬೆಳೆದ ಸರಪಳಿ ಮತ್ತು ಹಿಸ್ಟೋನ್ ಮೇಲಿನ ಒಂಟಿ ಯುಬಿಕ್ವಿಟಿನ್ ಸಾಮಾನ್ಯವಾಗಿ ನಾಶಕ್ಕೆ ಕಳಿಸುವುದಿಲ್ಲ. ಅವು ಬೇರೆ ಪ್ರೋಟೀನುಗಳು ಬಂದು ಕೂರುವ ಜಾಗಗಳು.

ಒಂದು ಸಂಗತಿಯನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ: ಬೇರೊಂದು ಪ್ರೋಟೀನಿಗೆ ಯುಬಿಕ್ವಿಟಿನ್ ಅಂಟಿರುವುದು ಮೊಟ್ಟಮೊದಲು ಗೊತ್ತಾದದ್ದೇ ಹಿಸ್ಟೋನ್ ಎಚ್2ಎ ಮೇಲೆ, 1970ರ ದಶಕದಲ್ಲಿ. ನಾಶದ ದಾರಿ ತಿಳಿದದ್ದು ಆಮೇಲೆ. ಪಠ್ಯಗಳಲ್ಲಿ ಅದು ತಲೆಕೆಳಗಾಗಿ ಕೂತಿದೆ.

ನಮ್ಮ ಜೀವಕೋಶದ ಎಚ್2ಎಯಲ್ಲಿ 119ನೇ ಲೈಸಿನ್ ಮೇಲೆ ಯಾವಾಗಲೂ ಯುಬಿಕ್ವಿಟಿನ್ ಇರುತ್ತದಂತೆ. ಹಾಗಿದ್ದರೆ ದುರಸ್ತಿ ಪ್ರೋಟೀನು 53ಬಿಪಿ1 ಎಲ್ಲ ಕಡೆಯೂ ಹೋಗಿ ಕೂರುವುದಿಲ್ಲವೇಕೆ? ಮುರಿದ ಜಾಗವೇ ಹೇಗೆ ಗೊತ್ತಾಗುತ್ತದೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಬಳ್ಳಾರಿ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಇದೇ ಅತ್ಯುತ್ತಮ. ಯುಬಿಕ್ವಿಟಿನ್ ಎಂಬ ಒಂದೇ ಗುರುತನ್ನು ನಂಬಿ ಕೂರುವ ದುರಸ್ತಿ ಪ್ರೋಟೀನು ಇಲ್ಲವೆಂದೇ ಹೇಳಬಹುದು. ಪ್ರತಿಯೊಂದೂ ಕನಿಷ್ಠ ಎರಡು ಗುರುತುಗಳನ್ನು ಒಟ್ಟಿಗೆ ಮುಟ್ಟಿ ನೋಡಿದ ಮೇಲೆಯೇ ನಿಲ್ಲುತ್ತದೆ.

ಮೊದಲು ಗುರುತು ಬೀಳುವ ಬಗೆ. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಎಟಿಎಂ ಎಂಬ ಕೈನೇಸ್ ಎಚ್2ಎಎಕ್ಸ್ ಹಿಸ್ಟೋನಿನ 139ನೇ ಸೆರಿನ್‌ಗೆ ಫಾಸ್ಫೇಟ್ ಹಚ್ಚುತ್ತದೆ. 1998ರಲ್ಲಿ ವರದಿಯಾದ ಈ ಗಾಮಾ-ಎಚ್2ಎಎಕ್ಸ್ ಗುರುತು ತುಂಡಿನ ಎರಡೂ ಬದಿಗೆ ಹತ್ತು ಲಕ್ಷ ಬೇಸ್ ಜೋಡಿಗಳಷ್ಟು, ಕೆಲವೊಮ್ಮೆ ಇನ್ನೂ ದೂರ ಹರಡುತ್ತದೆ. ಅದನ್ನು ಎಂಡಿಸಿ1 ಹಿಡಿಯುತ್ತದೆ. ಎಟಿಎಂ ಎಂಡಿಸಿ1ಗೂ ಫಾಸ್ಫೇಟ್ ಹಚ್ಚುತ್ತದೆ, ಆ ಫಾಸ್ಫೇಟನ್ನು ಆರ್‌ಎನ್‌ಎಫ್8 ಹಿಡಿಯುತ್ತದೆ. ಆರ್‌ಎನ್‌ಎಫ್8 ತನ್ನ ಜೊತೆಗಾರ ಯುಬಿಸಿ13ರೊಂದಿಗೆ ಹಿಸ್ಟೋನ್ ಎಚ್1ರ ಮೇಲೆ 63-ಸರಪಳಿ ಕಟ್ಟುತ್ತದೆ. ಆ ಸರಪಳಿಯನ್ನು ಓದಿ ಆರ್‌ಎನ್‌ಎಫ್168 ಬರುತ್ತದೆ, ಬಂದು ಎಚ್2ಎಯ 13 ಮತ್ತು 15ನೇ ಲೈಸಿನ್‌ಗಳಿಗೆ ಯುಬಿಕ್ವಿಟಿನ್ ಅಂಟಿಸುತ್ತದೆ. ತಾನು ಅಂಟಿಸಿದ್ದನ್ನು ತಾನೇ ಓದಿಕೊಂಡು ಪಕ್ಕದ ನ್ಯೂಕ್ಲಿಯೋಸೋಮ್‌ಗೂ ದಾಟುತ್ತದೆ. ಹೀಗೆ ಬಿಟ್ಟರೆ ವರ್ಣತಂತು ಪೂರ್ತಿ ಗುರುತಾಗಿಬಿಡುತ್ತಿತ್ತು. ಹಾಗಾಗದಂತೆ ಟ್ರಿಪ್12 ಮತ್ತು ಯುಬಿಆರ್5 ಎಂಬ ಎರಡು ಪ್ರೋಟೀನುಗಳು ಆರ್‌ಎನ್‌ಎಫ್168ರ ಪ್ರಮಾಣವನ್ನು ಕಡಿಮೆ ಇಟ್ಟಿರುತ್ತವೆ.

ಈಗ ಜಾಗದ ವಿಷಯ. ನ್ಯೂಕ್ಲಿಯೋಸೋಮ್ ಎಂದರೆ ಎಂಟು ಹಿಸ್ಟೋನ್‌ಗಳ ಬಿಲ್ಲೆಗೆ ಸುಮಾರು 147 ಬೇಸ್ ಜೋಡಿ ಡಿಎನ್‌ಎ ಸುತ್ತಿಕೊಂಡ ರಚನೆ. 13 ಮತ್ತು 15ನೇ ಲೈಸಿನ್‌ಗಳು ಎಚ್2ಎಯ ತಲೆಯ ಕಡೆಗಿವೆ, 119ನೆಯದು ಬಾಲದ ಕಡೆ. ಬಿಲ್ಲೆಯ ಮೇಲೆ ಇವು ಬೇರೆ ಬೇರೆ ಮೂಲೆಗಳು. 53ಬಿಪಿ1ರಲ್ಲಿ ಸುಮಾರು 1611ರಿಂದ 1631ರವರೆಗಿನ ಅಮೈನೋ ಆಮ್ಲಗಳ ಒಂದು ಗಿಡ್ಡ ತುಣುಕು 15ನೇ ಲೈಸಿನ್ ಮೇಲಿನ ಯುಬಿಕ್ವಿಟಿನ್‌ಗೂ ಬಿಲ್ಲೆಯ ಮೈಗೂ ನಡುವೆ ನುಸುಳಿ ಕೂರುತ್ತದೆ. 2016ರಲ್ಲಿ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಕಂಡದ್ದು ಹೀಗೆಯೇ. ಸಡಿಲವಾಗಿ ಓಡಾಡುವ ಯುಬಿಕ್ವಿಟಿನ್ ಅನ್ನು ಆ ತುಣುಕು ಹಿಡಿಯುವುದಿಲ್ಲ, 119ರ ಮೇಲಿನದ್ದನ್ನೂ ಹಿಡಿಯುವುದಿಲ್ಲ, ಪಕ್ಕದ 13ರ ಮೇಲಿನದ್ದನ್ನೂ ಹಿಡಿಯುವುದಿಲ್ಲ. ಯುಬಿಕ್ವಿಟಿನ್ ಸರಿಯಾದ ಕೋನದಲ್ಲಿ ನಿಂತಿದ್ದರೆ ಮಾತ್ರ ಆ ಸಂದು ಸಿಗುತ್ತದೆ.

ಅಷ್ಟೂ ಸಾಲದು. 53ಬಿಪಿ1ರ ಟ್ಯೂಡರ್ ಭಾಗ ಅದೇ ನ್ಯೂಕ್ಲಿಯೋಸೋಮ್‌ನ ಎಚ್4 ಹಿಸ್ಟೋನಿನ 20ನೇ ಲೈಸಿನ್ ಮೇಲೆ ಎರಡು ಮೀಥೈಲ್ ಗುಂಪುಗಳಿವೆಯೇ ಎಂದು ನೋಡುತ್ತದೆ. ಈ ಮೀಥೈಲ್ ಗುರುತು ಜೀವಕೋಶದ ತುಂಬ ಇರುವಂಥದ್ದು, ಅದೊಂದರಿಂದ ಜಾಗ ತಿಳಿಯುವುದಿಲ್ಲ. ಯುಬಿಕ್ವಿಟಿನ್ ಕೂಡ ಎಲ್ಲೆಲ್ಲೂ ಇದೆ. ಎರಡೂ ಒಂದೇ ಬಿಲ್ಲೆಯ ಮೇಲೆ, ಸರಿಯಾದ ಮೂಲೆಗಳಲ್ಲಿ ಸೇರಿರುವುದು ಮುರಿದ ಜಾಗದ ಸುತ್ತ ಮಾತ್ರ. ಸಿಂಧನೂರಿನ ಮಾರುಕಟ್ಟೆಯಲ್ಲಿ ಸಾವಿರ ಭತ್ತದ ಚೀಲಗಳಿದ್ದರೂ ಅಂಗಡಿಯ ಮೊಹರು, ಲಾಟ್ ಸಂಖ್ಯೆ ಎರಡೂ ತಾಳೆಯಾದ ಚೀಲವನ್ನೇ ಹಮಾಲರು ಲಾರಿಗೆ ಹಾಕುತ್ತಾರಲ್ಲ, ಹಾಗೆ. ಇನ್ನೊಂದು ಅಂಶ: 53ಬಿಪಿ1 ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿ ಬರುತ್ತದೆ. ಜೋಡಿಯಾಗುವ ಭಾಗವನ್ನು ಕತ್ತರಿಸಿದರೆ ಉಳಿದ ಎರಡು ಹಿಡಿತಗಳು ಚೆನ್ನಾಗಿದ್ದರೂ ಅದು ಸರಿಯಾಗಿ ನಿಲ್ಲುವುದಿಲ್ಲ.

ಇಷ್ಟು ಸುತ್ತು ಏಕೆ ಎಂದರೆ, ಯುಬಿಕ್ವಿಟಿನ್ ಹಿಡಿಯುವ ಭಾಗಗಳ ಒಂಟಿ ಹಿಡಿತ ತೀರ ಸಡಿಲ. ಹೆಚ್ಚಿನವು ಯುಬಿಕ್ವಿಟಿನ್‌ನ 44ನೇ ಐಸೊಲ್ಯೂಸಿನ್ ಸುತ್ತಲಿನ ಎಣ್ಣೆಸ್ವಭಾವದ ಜಾಗವನ್ನು ಮುಟ್ಟುತ್ತವೆ, ಅದರ ಬಲ ಹಲವು ನೂರು ಮೈಕ್ರೋಮೋಲಾರ್ ಮಟ್ಟದ್ದು. ರ್‍ಯಾಪ್80 ಎಂಬ ಇನ್ನೊಂದು ಪ್ರೋಟೀನು ಈ ದೌರ್ಬಲ್ಯವನ್ನೇ ಉಪಾಯ ಮಾಡಿಕೊಂಡಿದೆ. ಅದರಲ್ಲಿ ಇಂಥ ಎರಡು ಹಿಡಿಗಳಿವೆ, ನಡುವೆ 7 ಅಮೈನೋ ಆಮ್ಲಗಳ ಗಟ್ಟಿ ಸುರುಳಿ. ಆ ಅಂತರ 63-ಸರಪಳಿಯಲ್ಲಿ ಎರಡು ಯುಬಿಕ್ವಿಟಿನ್‌ಗಳ ನಡುವಿನ ಅಂತರಕ್ಕೆ ಸರಿಹೊಂದುತ್ತದೆ, 48-ಸರಪಳಿಗೆ ಹೊಂದುವುದಿಲ್ಲ. ನಡುವಿನ ಉದ್ದವನ್ನು ಬದಲಿಸಿದರೆ ಆಯ್ಕೆಯೇ ಕೆಡುತ್ತದೆ. ರ್‍ಯಾಪ್80 ಸರಪಳಿಯ ಜಾತಿಯನ್ನು ಅಳತೆಕೋಲು ಹಿಡಿದಂತೆ ಅಳೆದು ಗುರುತಿಸುತ್ತದೆ.

53ಬಿಪಿ1, ಬಿಆರ್‌ಸಿಎ1 ಎರಡೂ ಅದೇ 15ನೇ ಲೈಸಿನ್ ಯುಬಿಕ್ವಿಟಿನ್ ಓದುತ್ತವೆ ಎನ್ನುತ್ತಾರೆ. ಒಂದು ತುದಿಗೆ ತುದಿ ಅಂಟಿಸುತ್ತದೆ, ಇನ್ನೊಂದು ಪ್ರತಿ ನೋಡಿ ಸರಿಮಾಡುತ್ತದೆ. ಯಾವುದು ಕೂರಬೇಕೆಂದು ತೀರ್ಮಾನಿಸುವವರು ಯಾರು?
— ಬಿ.ಎಸ್ಸಿ. ಅಂತಿಮ ವರ್ಷ, ಗಂಗಾವತಿ

ಎರಡನೆಯ ಗುರುತು. ಬಿಆರ್‌ಸಿಎ1 ಯಾವಾಗಲೂ ಬಾರ್ಡ್1 ಜೊತೆ ಜೋಡಿಯಾಗಿರುತ್ತದೆ, ಕ್ರೋಮಾಟಿನ್ (ಹಿಸ್ಟೋನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ) ಓದುವ ಕೆಲಸ ಬಾರ್ಡ್1ರದು. ಬಾರ್ಡ್1ರ ಬಿಆರ್‌ಸಿಟಿ ಭಾಗ 15ನೇ ಲೈಸಿನ್ ಮೇಲಿನ ಯುಬಿಕ್ವಿಟಿನ್ ಹಿಡಿಯುತ್ತದೆ. ಅದರ ಆಂಕಿರಿನ್ ಭಾಗ ಅದೇ ಎಚ್4ರ 20ನೇ ಲೈಸಿನ್ ನೋಡುತ್ತದೆ, ಆದರೆ ಅದಕ್ಕೆ ಬೇಕಾದದ್ದು ಮೀಥೈಲ್ ಇಲ್ಲದ ಲೈಸಿನ್. 53ಬಿಪಿ1ಕ್ಕೆ ಬೇಕಾದದ್ದರ ತದ್ವಿರುದ್ಧ.

ಮೀಥೈಲ್ ಇಲ್ಲದ ಎಚ್4 ಸಿಗುವುದು ಎಲ್ಲಿ? ಡಿಎನ್‌ಎ ನಕಲಾದಾಗ ಹೊಸ ಎಳೆಗೆ ಹೊಸ ಹಿಸ್ಟೋನ್‌ಗಳು ಬಂದು ಕೂರುತ್ತವೆ, ಅವುಗಳ 20ನೇ ಲೈಸಿನ್ ಬರಿದಾಗಿರುತ್ತದೆ. ಮೀಥೈಲ್ ಹಚ್ಚುವ ಕೆಲಸ ನಿಧಾನ, ಅದು ಮುಗಿಯುವ ಹೊತ್ತಿಗೆ ಕೋಶ ವಿಭಜನೆಯ ಹತ್ತಿರ ಬಂದಿರುತ್ತದೆ. ಅಂದರೆ ಬರಿದಾದ ಲೈಸಿನ್ “ಈ ಜಾಗ ಈಗಷ್ಟೇ ನಕಲಾಗಿದೆ, ಪಕ್ಕದಲ್ಲೇ ಸರಿಯಾದ ಪ್ರತಿ ಇದೆ” ಎಂದು ಹೇಳುತ್ತದೆ. ಪ್ರತಿ ಇದ್ದಾಗ ಅದನ್ನು ನೋಡಿ ಸರಿಮಾಡುವುದು ನಿಖರ, ಹಾಗಾಗಿ ಬಾರ್ಡ್1 ಬಂದು ಬಿಆರ್‌ಸಿಎ1 ತರುತ್ತದೆ. ಪ್ರತಿ ಇಲ್ಲದ ಜಿ1 ಹಂತದಲ್ಲಿ, ಅಂದರೆ ಡಿಎನ್‌ಎ ನಕಲಾಗುವ ಮೊದಲು, ಎಲ್ಲೆಡೆ ಮೀಥೈಲ್ ಇರುತ್ತದೆ. ಆಗ 53ಬಿಪಿ1 ಕೂತು, ರಿಫ್1 ಮತ್ತು ಶೀಲ್ಡಿನ್ ಎಂಬ ಪ್ರೋಟೀನುಗಳನ್ನು ಕರೆತಂದು, ತುದಿಗಳು ಕರಗದಂತೆ ಕಾಪಾಡಿ ನೇರ ಅಂಟಿಸುವ ದಾರಿಗೆ ಬಿಡುತ್ತದೆ. ಯುಬಿಕ್ವಿಟಿನ್ “ಇಲ್ಲಿ ಮುರಿದಿದೆ” ಎನ್ನುತ್ತದೆ, ಎಚ್4 “ಪ್ರತಿ ಇದೆಯೋ ಇಲ್ಲವೋ” ಎನ್ನುತ್ತದೆ. ಎರಡನ್ನೂ ಕೂಡಿಸಿ ಓದಿದಾಗಲೇ ಸರಿಯಾದ ತೀರ್ಮಾನ.

ಬಿಆರ್‌ಸಿಎ1–ಬಾರ್ಡ್1 ಕೂತ ಮೇಲೆ ಸುಮ್ಮನಿರುವುದಿಲ್ಲ. ಅದೂ ಒಂದು ಯುಬಿಕ್ವಿಟಿನ್ ಅಂಟಿಸುವ ಕಿಣ್ವ. ಎಚ್2ಎಯ ಬಾಲದಲ್ಲಿ 125, 127, 129ನೇ ಲೈಸಿನ್‌ಗಳ ಸುತ್ತ ಹೊಸ ಗುರುತು ಹಾಕುತ್ತದೆ. ಅದನ್ನು ನೋಡಿ ಸ್ಮಾರ್ಕ್ಯಾಡ್1 ಎಂಬ ಪ್ರೋಟೀನು ಬಂದು ನ್ಯೂಕ್ಲಿಯೋಸೋಮ್‌ಗಳನ್ನು ಸರಿಸಿ 53ಬಿಪಿ1ಅನ್ನು ಆ ಜಾಗದಿಂದ ಎಬ್ಬಿಸುತ್ತದೆ. ಆರ್‌ಎನ್‌ಎಫ್169 ಎಂಬ ಇನ್ನೊಂದು ಓದುಗ ಪ್ರೋಟೀನು ಕೂಡ ಅದೇ 15ರ ಗುರುತನ್ನು ಹಿಡಿದು 53ಬಿಪಿ1 ಜೊತೆ ಪೈಪೋಟಿ ಮಾಡುತ್ತದೆ.

ಪರೀಕ್ಷೆಯಲ್ಲಿ ಒಂದು ಎಚ್ಚರ: ರ್‍ಯಾಪ್80 ಜೊತೆಗೂ ಬಿಆರ್‌ಸಿಎ1 ಇರುತ್ತದೆ. ಆ ಕೂಟ ತುದಿಗಳನ್ನು ಹೆಚ್ಚು ಕತ್ತರಿಸದಂತೆ ತಡೆಯುತ್ತದೆ. “ಬಿಆರ್‌ಸಿಎ1 ಬಂದರೆ ಪ್ರತಿ ನೋಡಿ ದುರಸ್ತಿ” ಎಂದು ಒಂದೇ ವಾಕ್ಯದಲ್ಲಿ ಬರೆದರೆ ಅರ್ಧ ತಪ್ಪು.

ಕೋಶಗಳಿಗೆ 2 ಗ್ರೇ ವಿಕಿರಣ ಕೊಟ್ಟು ನೋಡಿದೆ. ಯುಬಿಕ್ವಿಟಿನ್ ಉಳಿಯಲಿ ಎಂದು ಪ್ರೋಟಿಯಾಸೋಮ್ ತಡೆಯುವ ಎಂಜಿ132 ಹಾಕಿದ ತಟ್ಟೆಯಲ್ಲಿ 53ಬಿಪಿ1 ಚುಕ್ಕೆಗಳೇ ಇಲ್ಲ, ಗಾಮಾ-ಎಚ್2ಎಎಕ್ಸ್ ಮಾತ್ರ ಇದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರತಿಕಾಯದಿಂದ ಪ್ರೋಟೀನು ಗುರುತಿಸುವ ಪರೀಕ್ಷೆ) ವಿಕಿರಣ ಕೊಟ್ಟದ್ದಕ್ಕೂ ಕೊಡದ್ದಕ್ಕೂ ಯುಬಿಕ್ವಿಟಿನ್-ಎಚ್2ಎ ಪಟ್ಟಿ ಒಂದೇ ತೆರನಾಗಿದೆ. ಎಲ್ಲಿ ತಪ್ಪಿದೆ?
— ಸಂಶೋಧನಾ ವಿದ್ಯಾರ್ಥಿ, ಬಳ್ಳಾರಿ

ಎರಡು ಬೇರೆ ತಪ್ಪುಗಳು. ಎರಡೂ ಸಾಮಾನ್ಯವಾಗಿ ಆಗುವಂಥವು.

ಎಂಜಿ132 ಯುಬಿಕ್ವಿಟಿನ್ ಉಳಿಸುವುದಿಲ್ಲ, ಕ್ರೋಮಾಟಿನ್‌ನಿಂದ ಕಸಿಯುತ್ತದೆ. ಪ್ರೋಟಿಯಾಸೋಮ್ ನಿಂತರೆ ನಾಶವಾಗಬೇಕಿದ್ದ ಪ್ರೋಟೀನುಗಳ ಮೇಲೆ ಸರಪಳಿಗಳು ರಾಶಿ ಬೀಳುತ್ತವೆ, ಕೋಶದ ಬಿಡಿ ಯುಬಿಕ್ವಿಟಿನ್ ಎಲ್ಲ ಅಲ್ಲಿಗೇ ಖರ್ಚಾಗುತ್ತದೆ, ಹಿಸ್ಟೋನ್‌ಗಳು ಬರಿದಾಗುತ್ತವೆ. ಫಾಸ್ಫೇಟ್ ಹಂತ ಇದಕ್ಕೂ ಮೊದಲಿನದು, ಆದ್ದರಿಂದ ಗಾಮಾ-ಎಚ್2ಎಎಕ್ಸ್ ಮತ್ತು ಎಂಡಿಸಿ1 ಹಾಗೆಯೇ ಉಳಿಯುತ್ತವೆ. ನಿಮ್ಮ ತಟ್ಟೆ ಸರಿಯಾದದ್ದನ್ನೇ ತೋರಿಸಿದೆ. ಎಂಜಿ132 ಬಿಡಿ.

ಯುಬಿಕ್ವಿಟಿನ್ ಉಳಿಸಲು ತಡೆಯಬೇಕಾದದ್ದು ಅದನ್ನು ಕಿತ್ತುಹಾಕುವ ಕಿಣ್ವಗಳನ್ನು, ಅದೂ ಕೋಶ ಒಡೆಯುವ ಕ್ಷಣದಲ್ಲಿ. ಒಡೆಯುವ ದ್ರಾವಣಕ್ಕೆ ಎನ್-ಈಥೈಲ್‌ಮಲೀಮೈಡ್ ಅನ್ನು ಎಥೆನಾಲ್‌ನಲ್ಲಿ ಆಗಷ್ಟೇ ಕರಗಿಸಿ 10 ಮಿಲಿಮೋಲಾರ್ ಆಗುವಂತೆ ಸೇರಿಸಿ. 63-ಸರಪಳಿ ನೋಡುವುದಾದರೆ 50ರಿಂದ 100 ಮಿಲಿಮೋಲಾರ್ ಬೇಕಾಗಬಹುದು. ಅದೇ ದ್ರಾವಣಕ್ಕೆ ಡಿಟಿಟಿ ಅಥವಾ ಬೀಟಾ-ಮರ್ಕಾಪ್ಟೋಎಥೆನಾಲ್ ಹಾಕಬೇಡಿ, ಅವು ಮಲೀಮೈಡ್ ಅನ್ನು ತಿಂದುಹಾಕುತ್ತವೆ. ಜೆಲ್ ಬಣ್ಣದ ದ್ರಾವಣದಲ್ಲಿ ಆಮೇಲೆ ಹಾಕಿದರೆ ಸಾಕು. ನಿನ್ನೆ ಕರಗಿಸಿಟ್ಟದ್ದು ಇಂದಿಗೆ ಬಾರದು, ನೀರಿನಲ್ಲಿ ಅದು ಕೆಡುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಲ್ಲಿ ಬೆಂಚಿನ ಮೇಲಿಟ್ಟ ಕೊಳವೆಗಳಲ್ಲಿ ಕಿಣ್ವಗಳು ಚುರುಕಾಗಿರುತ್ತವೆ, ಆದ್ದರಿಂದ ಎಲ್ಲವೂ ಮಂಜುಗಡ್ಡೆಯಲ್ಲೇ ಇರಲಿ. ಮಾದರಿ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಹೋಗುವುದಾದರೆ ಅಯೋಡೋಅಸಿಟಮೈಡ್ ಬಳಸಬೇಡಿ. ಅದು ಲೈಸಿನ್‌ಗೆ ಎರಡು ಬಾರಿ ಕೂಡಿಕೊಂಡರೆ 114 ಡಾಲ್ಟನ್ ಹೆಚ್ಚುತ್ತದೆ, ಟ್ರಿಪ್ಸಿನ್ ಬಿಟ್ಟುಹೋದ ಯುಬಿಕ್ವಿಟಿನ್ ಬಾಲದ ಎರಡು ಗ್ಲೈಸಿನ್‌ಗಳ ತೂಕವೂ ಅಷ್ಟೇ. ಇಲ್ಲದ ಯುಬಿಕ್ವಿಟಿನ್ ಇದ್ದಂತೆ ಕಾಣುತ್ತದೆ. ಕ್ಲೋರೋಅಸಿಟಮೈಡ್ ಆ ಮಟ್ಟಿಗೆ ವಾಸಿ.

ವೆಸ್ಟರ್ನ್ ವಿಷಯ. ಸಾಮಾನ್ಯ ಯುಬಿಕ್ವಿಟಿನ್-ಎಚ್2ಎ ಪ್ರತಿಕಾಯದಲ್ಲಿ ನೀವು ಕಾಣುವುದು ಬಹುಪಾಲು 119ರ ಗುರುತು. ಕೋಶದ ಒಟ್ಟು ಎಚ್2ಎಯಲ್ಲಿ 5ರಿಂದ 15 ಶೇಕಡಾ ಯಾವಾಗಲೂ ಆ ಗುರುತು ಹೊತ್ತಿರುತ್ತದೆ, ಸುಮಾರು 23 ಕಿಲೋಡಾಲ್ಟನ್ ಬಳಿ ಕಾಣುವ ಪಟ್ಟಿ ಅದೇ. 2 ಗ್ರೇಯಿಂದ ಬರುವ 15ರ ಗುರುತು ಅದರ ಮುಂದೆ ಏನೂ ಅಲ್ಲ. ಫ್ಲ್ಯಾಗ್ ಗುರುತಿನ ಎಚ್2ಎಯಲ್ಲಿ 118, 119 ಎರಡೂ ಲೈಸಿನ್‌ಗಳನ್ನು ಆರ್ಜಿನಿನ್ ಮಾಡಿ ಕೋಶದೊಳಗೆ ಹಾಕಿ, ಅದನ್ನು ಹಿಡಿದು ನೋಡಿ. ಇನ್ನೊಂದು ತಟ್ಟೆಯಲ್ಲಿ 13, 15ನ್ನೂ ಬದಲಿಸಿ. ಮತ್ತೊಂದರಲ್ಲಿ ಆರ್‌ಎನ್‌ಎಫ್168 ಅಡಗಿಸಿ. ಈ ಎರಡು ಕಂಟ್ರೋಲ್‌ಗಳಲ್ಲೂ ಪಟ್ಟಿ ಮಾಯವಾದರೆ ನೀವು ಕಂಡದ್ದು ದುರಸ್ತಿಯ ಗುರುತೇ.

ಚುಕ್ಕೆಗಳಿಗೆ: ಸ್ಥಿರೀಕರಿಸುವ ಮೊದಲು 0.5 ಶೇಕಡಾ ಟ್ರೈಟಾನ್‌ನಲ್ಲಿ ಮಂಜಿನ ಮೇಲೆ ಸುಮಾರು 5 ನಿಮಿಷ ಇಟ್ಟರೆ ಸಡಿಲ ಪ್ರೋಟೀನು ತೊಳೆದುಹೋಗಿ ಕ್ರೋಮಾಟಿನ್ ಮೇಲಿನದ್ದು ಮಾತ್ರ ಉಳಿಯುತ್ತದೆ. ಎಫ್‌ಕೆ2 ಪ್ರತಿಕಾಯ ಬಿಡಿ ಯುಬಿಕ್ವಿಟಿನ್ ಹಿಡಿಯುವುದಿಲ್ಲ, ಅಂಟಿದ್ದನ್ನೇ ಹಿಡಿಯುತ್ತದೆ, ಈ ಕೆಲಸಕ್ಕೆ ಅದು ಒಳ್ಳೆಯದು. ಗಾಮಾ-ಎಚ್2ಎಎಕ್ಸ್ ಸುಮಾರು 30 ನಿಮಿಷಕ್ಕೆ ತುದಿ ಮುಟ್ಟುತ್ತದೆ, 53ಬಿಪಿ1ಕ್ಕೆ 1 ಗಂಟೆ ಕೊಡಿ. ವಿಭಜನೆಯಲ್ಲಿರುವ ಕೋಶಗಳನ್ನು ಎಣಿಸಬೇಡಿ. ಆ ಹಂತದಲ್ಲಿ ಆರ್‌ಎನ್‌ಎಫ್8 ಮತ್ತು 53ಬಿಪಿ1 ಎರಡಕ್ಕೂ ಫಾಸ್ಫೇಟ್ ಬಿದ್ದು ಅವು ಬರದಂತೆ ತಡೆಯಾಗಿರುತ್ತದೆ. ಅದನ್ನು ಪ್ರಯೋಗದ ಸೋಲು ಎಂದು ತಿಳಿಯುವವರಿದ್ದಾರೆ.

ಕೊಳವೆಯೊಳಗೆ ಹಿಡಿತ ಅಳೆಯುವ ಯೋಚನೆ ಇದ್ದರೆ ಬರೀ ಎಚ್2ಎ ತುಣುಕು ಸಾಲದು, ಪೂರ್ತಿ ನ್ಯೂಕ್ಲಿಯೋಸೋಮ್ ಬೇಕು. ಎಚ್2ಎಯ 15ನೇ ಜಾಗಕ್ಕೆ ಸಿಸ್ಟೀನ್, ಯುಬಿಕ್ವಿಟಿನ್‌ನ 76ನೇ ಜಾಗಕ್ಕೆ ಸಿಸ್ಟೀನ್ ಹಾಕಿ ಡೈಕ್ಲೋರೋಅಸಿಟೋನ್‌ನಿಂದ ಕೂಡಿಸಿದರೆ ಯಾವ ಕಿಣ್ವವೂ ಕತ್ತರಿಸಲಾಗದ ಜೋಡಣೆ ಸಿಗುತ್ತದೆ. ಎಚ್4ರ 20ನೇ ಜಾಗದಲ್ಲೂ ಸಿಸ್ಟೀನ್ ಮೂಲಕ ಡೈಮೀಥೈಲ್ ಲೈಸಿನ್‌ನಂಥದ್ದನ್ನು ಕಟ್ಟಬೇಕು. ಅದನ್ನು ಬಿಟ್ಟರೆ 53ಬಿಪಿ1 ಹಿಡಿಯಲಿಲ್ಲ ಎಂದು ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದುಡಿಯುವವರ ಡಿಎನ್‌ಎಯಲ್ಲೂ ಇದೇ 53ಬಿಪಿ1 ಕೆಲಸ ನಡೆಯುತ್ತದೆಯೇ?
— ಓದುಗರು, ಮಾನ್ವಿ

ಬಿಸಿಲಿನ ಮುಖ್ಯ ಪೆಟ್ಟು ಬೇರೆ. ಗಾಳಿಯ ಬಿಸಿ ಅಲ್ಲ, ನೇರಳಾತೀತ ಕಿರಣ ಪಕ್ಕಪಕ್ಕದ ಎರಡು ಬೇಸ್‌ಗಳನ್ನು ಬೆಸೆದುಬಿಡುತ್ತದೆ. ನಕಲು ಯಂತ್ರ ಅಲ್ಲಿ ಸಿಕ್ಕಿಕೊಂಡಾಗ ರ್‍ಯಾಡ್6 ಮತ್ತು ರ್‍ಯಾಡ್18 ಸೇರಿ ಪಿಸಿಎನ್‌ಎ ಎಂಬ ಉಂಗುರದ 164ನೇ ಲೈಸಿನ್‌ಗೆ ಯುಬಿಕ್ವಿಟಿನ್ ಅಂಟಿಸುತ್ತವೆ. ಪಾಲಿಮರೇಸ್ ಈಟಾ ಉಂಗುರವನ್ನೂ ಯುಬಿಕ್ವಿಟಿನ್‌ನನ್ನೂ ಒಟ್ಟಿಗೆ ಹಿಡಿದು ಬಂದು ಆ ಬೆಸುಗೆಯನ್ನು ದಾಟಿ ನಕಲು ಮುಗಿಸುತ್ತದೆ. ಇಲ್ಲಿಯೂ ಎರಡು ಹಿಡಿತ, ನೋಡಿ. ಈ ಪಾಲಿಮರೇಸ್ ಹುಟ್ಟಿನಿಂದಲೇ ಕೆಲಸ ಮಾಡದವರಿಗೆ ಕ್ಸೀರೋಡರ್ಮಾ ಪಿಗ್ಮೆಂಟೋಸಮ್‌ನ ಒಂದು ಬಗೆ ಬರುತ್ತದೆ, ಬಿಸಿಲು ಬಿದ್ದ ಚರ್ಮದಲ್ಲಿ ಕ್ಯಾನ್ಸರ್ ಬೇಗ ಹುಟ್ಟುತ್ತದೆ. ಉಳಿದವರಿಗೂ ಬೆಳಿಗ್ಗೆ 10ರಿಂದ ಮಧ್ಯಾಹ್ನ 4ರವರೆಗೆ ತಲೆಗೆ ರುಮಾಲು, ತುಂಬು ತೋಳಿನ ಅಂಗಿ ಬೇಕು. ಮೋಡವಿದ್ದರೂ ಈ ಕಿರಣ ಬರುತ್ತದೆ.

ನಮ್ಮ ಕಡೆ ಕೆಲವು ಕೊಳವೆಬಾವಿ ನೀರಲ್ಲಿ ಆರ್ಸೆನಿಕ್ ಇದೆ ಎನ್ನುತ್ತಾರೆ. ಅದಕ್ಕೂ ಈ ಯುಬಿಕ್ವಿಟಿನ್‌ಗೂ ಸಂಬಂಧ ಇದೆಯೇ?
— ಓದುಗರು, ಲಿಂಗಸುಗೂರು ತಾಲ್ಲೂಕು

ಇದೆ. ಯುಬಿಕ್ವಿಟಿನ್ ಅಂಟಿಸುವ ಅನೇಕ ಕಿಣ್ವಗಳಲ್ಲಿ ರಿಂಗ್ ಎಂಬ ಭಾಗವಿದ್ದು, ಅದರ ಸಿಸ್ಟೀನ್‌ಗಳು ಸತುವಿನ ಅಯಾನನ್ನು ಹಿಡಿದು ಆಕಾರ ಕಾಯ್ದುಕೊಂಡಿರುತ್ತವೆ. ಆರ್ಸೆನೈಟ್ ಸಿಸ್ಟೀನ್‌ಗಳಿಗೇ ಬಲವಾಗಿ ಅಂಟುವ ವಿಷ. ಎಚ್2ಬಿಯ 120ನೇ ಲೈಸಿನ್‌ಗೆ ಯುಬಿಕ್ವಿಟಿನ್ ಹಾಕುವ ಆರ್‌ಎನ್‌ಎಫ್20–ಆರ್‌ಎನ್‌ಎಫ್40 ಜೋಡಿಯ ರಿಂಗ್‌ಗೆ ಅದು ಕೂತು, ಆ ಗುರುತು ಬೀಳದಂತೆ ಮಾಡಿ, ಜೋಡಿ ಎಳೆ ಕಡಿತದ ದುರಸ್ತಿಯನ್ನು ಕುಂಠಿತಗೊಳಿಸುತ್ತದೆ ಎಂದು ಕೋಶಗಳಲ್ಲಿ ತೋರಿಸಲಾಗಿದೆ. ಆರ್ಸೆನಿಕ್‌ನ ಹಾನಿ ಇದೊಂದೇ ಅಲ್ಲ.

ಕುಡಿಯುವ ನೀರಿನಲ್ಲಿ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯದು, ಪರೀಕ್ಷೆ ಮಾಡಿಸಲೇಬೇಕು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಪಂಚಾಯಿತಿ ಮೂಲಕ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಹೆಚ್ಚಿದ್ದರೆ ಆ ಬಾವಿಯನ್ನು ಕುಡಿಯಲು, ಅಡುಗೆಗೆ ನಿಲ್ಲಿಸಿ.

ತಾಯಿಗೆ ಬಿಆರ್‌ಸಿಎ1 ದೋಷದ ಅಂಡಾಶಯ ಕ್ಯಾನ್ಸರ್. ಒಲಾಪರಿಬ್ ಮೊದಲು ಚೆನ್ನಾಗಿ ಕೆಲಸ ಮಾಡಿ ಈಗ ನಿಂತಿದೆ. 53ಬಿಪಿ1 ಕಾರಣವೇ?
— ಓದುಗರು, ಕೊಪ್ಪಳ

ಒಂದು ಸಾಧ್ಯತೆ, ಆದರೆ ಒಂದೇ ಅಲ್ಲ. ಬಿಆರ್‌ಸಿಎ1 ಇಲ್ಲದ ಗಡ್ಡೆ ಪ್ರತಿ ನೋಡಿ ದುರಸ್ತಿ ಮಾಡಲಾರದು, ಆ ದೌರ್ಬಲ್ಯದ ಮೇಲೆಯೇ ಒಲಾಪರಿಬ್ ಹೊಡೆಯುತ್ತದೆ. ಅಂಥ ಕೋಶ 53ಬಿಪಿ1 ಅಥವಾ ಶೀಲ್ಡಿನ್ ಕಳೆದುಕೊಂಡರೆ ತುದಿಗಳಿಗೆ ಕಾವಲು ಇಲ್ಲವಾಗುತ್ತದೆ, ಪ್ರತಿ ನೋಡುವ ದುರಸ್ತಿ ಭಾಗಶಃ ಮರಳುತ್ತದೆ, ಔಷಧ ಸೋಲುತ್ತದೆ. 53ಬಿಪಿ1 ಮಟ್ಟಿಗೆ 2010ರಿಂದ ಇಲಿಗಳಲ್ಲಿ, ಕೋಶಗಳಲ್ಲಿ ಇದು ಗೊತ್ತು, ಶೀಲ್ಡಿನ್ ಮಟ್ಟಿಗೆ 2018ರಿಂದ. ರೋಗಿಗಳಲ್ಲಿ ಚೆನ್ನಾಗಿ ಗುರುತಿಸಲಾದ ಇನ್ನೊಂದು ದಾರಿ ಎಂದರೆ ಬಿಆರ್‌ಸಿಎ1 ಜೀನಿನಲ್ಲೇ ಎರಡನೆಯ ಬದಲಾವಣೆಯಾಗಿ ಅದು ಮತ್ತೆ ಕೆಲಸ ಮಾಡತೊಡಗುವುದು. ಹೊಸದಾಗಿ ಬಯಾಪ್ಸಿ ಅಥವಾ ರಕ್ತದಲ್ಲಿನ ಗಡ್ಡೆ ಡಿಎನ್‌ಎ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಆಂಕಾಲಜಿ ವೈದ್ಯರನ್ನು ನೇರವಾಗಿ ಕೇಳಿ. ನೀವು ಮತ್ತು ಒಡಹುಟ್ಟಿದವರು ಆ ದೋಷ ಹೊತ್ತಿದ್ದೀರಾ ಎಂಬ ಪರೀಕ್ಷೆಯನ್ನು ಇನ್ನೂ ಮಾಡಿಸದಿದ್ದರೆ ಅದು ಇದಕ್ಕಿಂತ ತುರ್ತು. ಗಂಡು ಹೆಣ್ಣು ಎನ್ನದೆ ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ.

ದುರಸ್ತಿ ಮುಗಿದ ಮೇಲೆ ಆ ಗುರುತು ಏನಾಗುತ್ತದೆ?
— ಪ್ರೌಢಶಾಲಾ ಶಿಕ್ಷಕರು, ಸಂಡೂರು

ಕಿತ್ತುಹಾಕುವ ಕಿಣ್ವಗಳಿವೆ. ಯುಎಸ್‌ಪಿ51 ಎಚ್2ಎಯ 13, 15ರ ಗುರುತು ತೆಗೆಯುತ್ತದೆ, ಬಿಆರ್‌ಸಿಸಿ36 ರ್‍ಯಾಪ್80 ಜೊತೆಗೇ ಬಂದು 63-ಸರಪಳಿ ಕತ್ತರಿಸುತ್ತದೆ. ಮುರಿದ ಜಾಗದ ಸುತ್ತ ಜೀನುಗಳ ಓದು ನಿಂತಿರುತ್ತದೆ, ಅದು ಮತ್ತೆ ಶುರುವಾಗಲು ಯುಎಸ್‌ಪಿ16 ಎಚ್2ಎ ಮೇಲಿನ ಯುಬಿಕ್ವಿಟಿನ್ ತೆಗೆಯಬೇಕು. ಓಟಿಯುಬಿ1 ಮಾತ್ರ ವಿಚಿತ್ರ: ಅದು ಕತ್ತರಿಸುವ ಕಿಣ್ವವಾಗಿದ್ದೂ ಇಲ್ಲಿ ಕತ್ತರಿಸುವುದಿಲ್ಲ, ಯುಬಿಸಿ13ರ ಮೇಲೆ ಕೂತು ಸರಪಳಿ ಬೆಳೆಯದಂತೆ ತಡೆಯುತ್ತದೆ. ಬಿಚ್ಚಿದ ಯುಬಿಕ್ವಿಟಿನ್ ವ್ಯರ್ಥವಾಗುವುದಿಲ್ಲ, ಬಿಡಿ ದಾಸ್ತಾನಿಗೆ ಮರಳಿ ಮುಂದಿನ ಪ್ರೋಟೀನಿಗೆ ಅಂಟುತ್ತದೆ.